ನನ್ನ ಬೆನ್ನಿಗೆ ಸೈಕಲ್ಲೋ, ಸೈಕಲ್ಲಿಗೆ ನನ್ನ ಬೆನ್ನೋ?

ಕೊರಟಗೆರೆ ದಾಟಿದ ಮೇಲೆ ಕುತ್ತಿಗೆ ಹಿಡ್ಕೊಳ್ತು. ಮಧುಗಿರಿಯ ಏಕಶಿಲಾ ಬೆಟ್ಟ ಎದುರಿಗಿದೆ, ತಲೆ ಎತ್ತಿ ನೋಡೋಕಾಗ್ತಿಲ್ಲ!

ಸೈಕಲ್ ಅಂಗಡಿಯವನ ಸಲಹೆ: "ಯೋಗ ಮಾಡಿ ಸಾರ್." ಅಲ್ರೀ, 28ರಲ್ಲಿ ಹೊಂದಿಸಿದ ಸೈಕಲ್ಲಿಗೆ 46ರ ಬೆನ್ನು ಯಾಕೆ ಬಗ್ಗಬೇಕು? 110 ಮಿ.ಮೀ. ಸ್ಟೆಮ್ ತೆಗೆದು 90ರದ್ದು ಹಾಕಿ, ಕೆಳಗೆರಡು ಸ್ಪೇಸರ್ ಸೇರಿಸಿದ್ರೆ ಸಾಕಿತ್ತು. ಆದ್ರೆ ನೋಟಕ್ಕೆ ಚೆಂದ ಅಂತ ಫೋರ್ಕಿನ ಕೊಳವೆಯನ್ನ ಅವತ್ತೇ ಕೊಯ್ಸಿಬಿಟ್ಟಿದ್ದೆ. ಹೊಸದಾಗಿ ಕೊಳ್ಳೋ ಹುಡುಗ್ರಾ, ದಯವಿಟ್ಟು ಕೊಯ್ಸಬೇಡಿ.

"ಹಾಗಾದ್ರೆ 54 ಬಿಟ್ಟು 56ರ ಫ್ರೇಮ್ ತಗೊಳ್ಳಿ" ಅಂದ. ಎತ್ತರದ ಜೊತೆ ಉದ್ದವೂ ಬೆಳೆಯುತ್ತೆ ಮಹಾರಾಯ, ಇನ್ನೂ ಮುಂದಕ್ಕೆ ಚಾಚಬೇಕು! ಬೇಕಿರೋದು ಹ್ಯಾಂಡಲ್ ಎತ್ತರಕ್ಕೂ ಹತ್ತಿರಕ್ಕೂ ಬರೋ ಎಂಡ್ಯೂರೆನ್ಸ್ ಫ್ರೇಮು. ಅದನ್ನ 'ಮುದುಕರ ಸೈಕಲ್' ಅಂತ ನಗ್ತಾರೆ. ನಗಲಿ. ವಳ್ಳೂರಿನ ನಮ್ಮ ದೊಡ್ಡಪ್ಪ 65ರಲ್ಲೂ ಅಟ್ಲಾಸ್ ಮೇಲೆ ನೆಟ್ಟಗೆ ಕೂತು ಮಧುಗಿರಿಗೆ ಹೋಗಿಬರ್ತಿದ್ರು.