ಸೂಕ್ತಕ್ಕೊಂದು ಪ್ರತ್ಯೇಕ ಚೌಕಟ್ಟು ಬೇಕು

ಕಳೆದ ರಮಝಾನ್‌ಗೆ ಮುನ್ನ ನಮ್ಮ ಜಾಲತಾಣದ ಲೇಖನವೊಂದರಲ್ಲಿ ತಪ್ಪೊಂದು ನುಸುಳಿತು. ಉಪವಾಸದ ಮಹತ್ವದ ಕುರಿತ ಆ ಬರಹದಲ್ಲಿ ಒಂದು ವಾಕ್ಯವನ್ನು ಪ್ರವಾದಿ(ಸ)ರ ವಚನವೆಂದು ಉದ್ಧರಿಸಲಾಗಿತ್ತು. ಬರೆದ ಯುವಕ ಅದನ್ನು ವಾಟ್ಸಾಪ್‌ನಲ್ಲಿ ಬಂದ ಚಿತ್ರವೊಂದರಿಂದ ತೆಗೆದುಕೊಂಡಿದ್ದ. ಪರಿಶೀಲಿಸಬೇಕಾಗಿದ್ದ ನಾವು ವಾಕ್ಯದ ಸೊಗಸಿಗೆ ಮನಸೋತು ಪ್ರಕಟಿಸಿಬಿಟ್ಟೆವು. ಮೂರು ದಿನಗಳ ನಂತರ ಲಿಂಗಸುಗೂರು ಕಡೆಯ ಹಿರಿಯ ಆಲಿಮರೊಬ್ಬರು ಫೋನ್ ಮಾಡಿ, "ಇದು ಯಾವ ಕಿತಾಬಿನಲ್ಲಿದೆ ಬೇಟಾ?" ಎಂದು ಕೇಳಿದರು. ಹುಡುಕಿದೆವು, ಎಲ್ಲಿಯೂ ಸಿಗಲಿಲ್ಲ. ತಿದ್ದುಪಡಿ ಹಾಕಿದೆವು. ಅಷ್ಟರಲ್ಲಿ ಅದು ಸಿಂಧನೂರು, ಮಸ್ಕಿಯ ಎಷ್ಟೋ ಮನೆಗಳ ಫೋನುಗಳನ್ನು ಸೇರಿಯಾಗಿತ್ತು. ತಿದ್ದುಪಡಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹುಡುಗನಿಗೆ ಬುದ್ಧಿ ಹೇಳಿದರೆ ಸಾಕೆಂದು ನಮ್ಮಲ್ಲಿ ಕೆಲವರು ಭಾವಿಸಿದರು. ನಮ್ಮ ಅಭಿಪ್ರಾಯ ಬೇರೆ. ಈ ತಪ್ಪಿನಲ್ಲಿ ಬರೆದವನಿಗೂ ಪರಿಶೀಲಿಸಿದವರಿಗೂ ಇರುವಂತೆಯೇ ಬರೆಯುವ ಸಾಧನಕ್ಕೂ ಒಂದು ಪಾಲಿದೆ. ಲೇಖನ ಬರೆಯಲು ತೆರೆದುಕೊಳ್ಳುವ ಆ ಬಿಳಿ ಪುಟದಲ್ಲಿ ಅಲ್ಲಾಹನ ವಚನವೂ, ಪ್ರವಾದಿ(ಸ)ರ ಮಾತೂ, ನಮ್ಮ ನಿಮ್ಮಂಥವರ ಅಭಿಪ್ರಾಯವೂ ಒಂದೇ ರೀತಿಯ ಅಕ್ಷರಗಳಾಗಿ ಸಾಲುಗಟ್ಟುತ್ತವೆ. ಇದು ಎಲ್ಲಿಂದ ಬಂತೆಂದು ಆ ಪುಟ ಯಾರನ್ನೂ ಕೇಳುವುದಿಲ್ಲ.

ನಮ್ಮ ಪೂರ್ವಿಕರು ಹೀಗಿರಲಿಲ್ಲ. ಕುರ್‌ಆನ್‌ನ ಆರಂಭಕಾಲದ ಹಸ್ತಪ್ರತಿಗಳಲ್ಲಿ ಓದುವವರ ಅನುಕೂಲಕ್ಕಾಗಿ ಸ್ವರಚಿಹ್ನೆಗಳನ್ನು ಸೇರಿಸಬೇಕಾಗಿ ಬಂದಾಗ ಅವನ್ನು ಕೆಂಪು ಶಾಯಿಯ ಚುಕ್ಕಿಗಳಾಗಿ ಇಟ್ಟರು. ಮೂಲ ಅಕ್ಷರ ಯಾವುದು, ನಂತರ ಸೇರಿದ್ದು ಯಾವುದು ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಅಧ್ಯಾಯಗಳ ಶೀರ್ಷಿಕೆಯನ್ನು ಇಂದಿಗೂ ಮುಸ್‌ಹಫ್‌ಗಳಲ್ಲಿ ಅಲಂಕೃತ ಚೌಕಟ್ಟಿನೊಳಗೆ ಇಡುತ್ತಾರೆ. ಆ ಬಳ್ಳಿ ಹೂವುಗಳನ್ನು ನಾವು ಬರೀ ಅಂದವೆಂದು ತಿಳಿದಿದ್ದೇವೆ. ಅದು ಗಡಿಯೂ ಹೌದು.

ಅಂಥದೇ ಗಡಿಯನ್ನು ಇಂದಿನ ಸಾಧನದಲ್ಲಿ ನಿರ್ಮಿಸಲು ಸಾಧ್ಯವಿದೆ. 2018ರ ಡಿಸೆಂಬರ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.0 ಆವೃತ್ತಿಯಿಂದೀಚೆಗೆ ಅದರ ಎಡಿಟರ್‌ನಲ್ಲಿ ಪುಟವೆಂದರೆ ಬ್ಲಾಕ್‌ಗಳ ಜೋಡಣೆ; ಪ್ಯಾರಾಕ್ಕೊಂದು, ಚಿತ್ರಕ್ಕೊಂದು, ಶೀರ್ಷಿಕೆಗೊಂದು. ಸಿದ್ಧವಾಗಿರುವ ಬ್ಲಾಕ್‌ಗಳ ಜೊತೆಗೆ ನಮಗೆ ಬೇಕಾದುದನ್ನು ನಾವೇ ರಚಿಸಿಕೊಳ್ಳಲು ದಾರಿ ಮುಕ್ತವಾಗಿದೆ. ಕಂಪ್ಯೂಟರ್ ಕಲಿತು ಬೆಂಗಳೂರು, ಹೈದರಾಬಾದಿನಲ್ಲಿ ದುಡಿಯುತ್ತಿರುವ ನಮ್ಮ ತಾಲೂಕುಗಳ ಮಕ್ಕಳಿಗೆ ಇದು ದೊಡ್ಡ ಕೆಲಸವೇನಲ್ಲ. ಮುಖಪುಟದಲ್ಲಿ ಓಡುವ ಚಿತ್ರಗಳಿಗೆ ಹಣ ಸುರಿಯುವ ನಾವು ಇದನ್ನು ಕೇಳಿಯೇ ಇರಲಿಲ್ಲ, ಅಷ್ಟೆ.

ಸೂಕ್ತದ ಬ್ಲಾಕ್ ಹೇಗಿರಬೇಕು? ಲೇಖಕ ಅರಬಿ ಪಠ್ಯವನ್ನು ಟೈಪು ಮಾಡುವ ಅವಕಾಶವೇ ಅಲ್ಲಿ ಇರಬಾರದು. 114 ಅಧ್ಯಾಯಗಳ ಪಟ್ಟಿಯಿಂದ ಒಂದನ್ನು ಆರಿಸಿ ಸೂಕ್ತದ ಸಂಖ್ಯೆಯನ್ನು ಕೊಟ್ಟರೆ, ಪರಿಶೀಲಿತ ಕಡತದಿಂದ ಪಠ್ಯ ತಾನಾಗಿ ಬಂದು ಕೂರಬೇಕು. ಅಂಥ ಕಡತ ನಮ್ಮ ಕಣ್ಣೆದುರೇ ಇದೆ. 2007ರಲ್ಲಿ ಆರಂಭವಾದ ತನ್‌ಝೀಲ್ ಯೋಜನೆಯು ಕುರ್‌ಆನ್‌ನ ಯೂನಿಕೋಡ್ ಪಠ್ಯವನ್ನು ಸೂಕ್ಷ್ಮವಾಗಿ ಪರಿಶೀಲಿಸಿ ಎಲ್ಲರಿಗೂ ಒದಗಿಸಿದೆ. ಒಂದಕ್ಷರವನ್ನೂ ಬದಲಿಸಕೂಡದೆಂಬುದು ಅದರ ಷರತ್ತು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಮದೀನಾ ಮುದ್ರಣದಲ್ಲಿ ಒಂದು ಇಡೀ ಪುಟವನ್ನು ತುಂಬುತ್ತದೆ. ಅದನ್ನು ಒಬ್ಬ ಹುಡುಗ ಮೊಬೈಲಿನಲ್ಲಿ ಒತ್ತಿ ಒತ್ತಿ ಬರೆದರೆ ಎಷ್ಟು ಕಡೆ ಜಾರಬಹುದೆಂದು ಊಹಿಸಿ.

ಕನ್ನಡದೊಡನೆ ಅರಬಿಯನ್ನು ಬರೆದವರಿಗೆ ಇನ್ನೊಂದು ಕಷ್ಟವೂ ಗೊತ್ತು. ಕನ್ನಡ ಎಡದಿಂದ ಬಲಕ್ಕೆ, ಅರಬಿ ಬಲದಿಂದ ಎಡಕ್ಕೆ. ಕನ್ನಡ ಸಾಲಿನ ನಡುವೆ ಅರಬಿ ಪದಗಳನ್ನಿಟ್ಟು ಪಕ್ಕದಲ್ಲಿ ಅಧ್ಯಾಯ, ಸೂಕ್ತಗಳ ಸಂಖ್ಯೆ ಬರೆದರೆ, ಬಲಗಡೆ ಇರಬೇಕಾದ ಆ ಸಂಖ್ಯೆ ಅರಬಿಯ ಎಡಕ್ಕೆ ಜಾರುತ್ತದೆ. ಆವರಣಚಿಹ್ನೆಯೂ ದಾರಿ ತಪ್ಪುತ್ತದೆ. ಇಂತಿಷ್ಟು ಭಾಗ ಅರಬಿ, ಇದರ ದಿಕ್ಕು ಬಲದಿಂದ ಎಡಕ್ಕೆ ಎಂದು ಬ್ಲಾಕ್ ಒಳಗಿಂದೊಳಗೆ ಬ್ರೌಸರ್‌ಗೆ ತಿಳಿಸಿದರೆ ಸಾಕು, ಲೇಖಕ ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅನುವಾದದ ವಿಷಯ ಇನ್ನೂ ನಾಜೂಕು. ಕುರ್‌ಆನ್‌ಗೆ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಅರ್ಥ ಸ್ಪಷ್ಟವಾಗಲೆಂದು ಅನುವಾದಕರು ಆವರಣದೊಳಗೆ ಕೆಲವು ಮಾತುಗಳನ್ನು ಸೇರಿಸಿರುತ್ತಾರೆ. ನಮ್ಮ ಲೇಖಕರು ಓದಿಗೆ ಅಡ್ಡಿಯೆಂದು ಆ ಆವರಣಗಳನ್ನು ಅಳಿಸಿಬಿಡುವುದುಂಟು. ಆಗ ಅನುವಾದಕನ ವಿವರಣೆಯೇ ಅಲ್ಲಾಹನ ವಚನವೆಂಬಂತೆ ಓದುಗನ ಮುಂದೆ ನಿಲ್ಲುತ್ತದೆ. ಆದ್ದರಿಂದ ಬ್ಲಾಕ್‌ನಲ್ಲಿ ಅನುವಾದಕರ ಹೆಸರು ಕಡ್ಡಾಯವಾಗಿರಬೇಕು. ಅನುವಾದದ ಪಠ್ಯವೂ ಬೀಗ ಹಾಕಿದಂತಿರಬೇಕು.

ಹದೀಸ್‌ಗೆ ಬೇರೆಯೇ ಬ್ಲಾಕ್ ಬೇಕು. ಸಂಗ್ರಹದ ಹೆಸರು, ಕಿತಾಬ್, ಸಂಖ್ಯೆ ಇವು ಮೂರೂ ತುಂಬದ ಹೊರತು "ಪ್ರಕಟಿಸು" ಎಂಬ ಗುಂಡಿ ಕೆಲಸ ಮಾಡಕೂಡದು. ಸಂಖ್ಯೆ ಯಾವ ಮುದ್ರಣದ್ದೆಂಬುದನ್ನೂ ಕೇಳಬೇಕು. ಏಕೆಂದರೆ ಸಹೀಹ್ ಬುಖಾರಿಯ ಒಂದೇ ಹದೀಸ್‌ಗೆ ಬೇರೆ ಬೇರೆ ಮುದ್ರಣಗಳಲ್ಲಿ ಬೇರೆ ಬೇರೆ ಸಂಖ್ಯೆಗಳಿವೆ. ಇಷ್ಟು ಇದ್ದಿದ್ದರೆ ಆ ರಮಝಾನ್ ಲೇಖನ ಅಲ್ಲಿಯೇ ನಿಲ್ಲುತ್ತಿತ್ತು. ಹದೀಸ್‌ನ ಬಲಾಬಲವನ್ನು ಮಾತ್ರ ಪ್ರೋಗ್ರಾಮರ್ ತೀರ್ಮಾನಿಸುವಂತಿಲ್ಲ. ಅದು ಉಲಮಾಗಳ ಕೆಲಸ. ಅವರು ಹೇಳುವವರೆಗೆ ಆ ಜಾಗ ಖಾಲಿ ಇರಲಿ, ಖಾಲಿ ಇದೆಯೆಂಬುದು ಓದುಗನಿಗೂ ಕಾಣಲಿ.

ಇದಕ್ಕೆ ನಮ್ಮಲ್ಲೇ ಒಬ್ಬರು ಎತ್ತಿದ ಆಕ್ಷೇಪವನ್ನು ಇಲ್ಲಿ ಹೇಳಲೇಬೇಕು. ಅಂದವಾದ ಚೌಕಟ್ಟಿನೊಳಗೆ ಬಂದದ್ದೆಲ್ಲ ಸತ್ಯವೆಂದು ಜನ ನಂಬುತ್ತಾರೆ. ಸುಳ್ಳು ಸಂಖ್ಯೆಯನ್ನು ತುಂಬಿದವನಿಗೂ ಅದೇ ಚೌಕಟ್ಟು ದೊರೆಯುತ್ತದೆ ಎಂದರು ಅವರು. ಮಾತು ನಿಜ. ವಾಟ್ಸಾಪ್‌ನ ಆ ಚಿತ್ರವೂ ಹಸಿರು ಅಂಚಿನ ಚೌಕಟ್ಟಿನಲ್ಲಿಯೇ ಬಂದಿತ್ತು. ಆದರೆ ಆ ಚಿತ್ರದಲ್ಲಿ ಹಿಡಿದು ಪರೀಕ್ಷಿಸಲು ಏನೂ ಇರಲಿಲ್ಲ. ಸಂಖ್ಯೆಯಿದ್ದರೆ ಆಲಿಮರು ಕಿತಾಬು ತೆರೆದು ನೋಡಬಲ್ಲರು, ಸುಳ್ಳಾದರೆ ಅರ್ಧ ಗಂಟೆಯಲ್ಲಿ ಹಿಡಿಯಬಲ್ಲರು. ಪ್ರಕಟಣೆಗೆ ಮುನ್ನ ಎರಡನೆಯ ವ್ಯಕ್ತಿಯ ಓದು ಆಗಲೂ ಬೇಕು.

ಇನ್ನೊಂದು ಎಚ್ಚರಿಕೆ, ಇದು ಹುಡುಗರಿಗಾಗಿ. ಬ್ಲಾಕ್ ಕೇವಲ ಸಂಖ್ಯೆಯನ್ನು ಉಳಿಸಿಕೊಂಡು ಪಠ್ಯವನ್ನು ಪ್ರತಿ ಬಾರಿ ಹೊರಗಿನಿಂದ ತರುವಂತೆ ಮಾಡಿದರೆ, ಆ ಪ್ಲಗಿನ್ ನಿಂತ ದಿನ ಎಲ್ಲ ಲೇಖನಗಳಲ್ಲಿ ಸೂಕ್ತವಿರಬೇಕಾದ ಜಾಗ ಬರಿದಾಗುತ್ತದೆ. ಸಂಖ್ಯೆಯ ಜೊತೆಗೆ ಪಠ್ಯವೂ ಪುಟದೊಳಗೇ ಉಳಿಯಲಿ. ಹೀಗೆ ಹೇಳಲು ನಮಗೆ ಕಾರಣವಿದೆ. ಹಿಂದೆ ಡಿಟಿಪಿ ಅಂಗಡಿಗಳಲ್ಲಿ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಮಾಡಿಸಿದ್ದ ನಮ್ಮ ಕರಪತ್ರಗಳ ಕಡತಗಳು ಇಂದು ಎಡಿಟರ್‌ಗೆ ತಂದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಲು ಮತ್ತೊಂದು ಸಾಧನ ಬೇಕು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಅಶೋಕನ ಹೆಸರನ್ನು ಓದಲಾಯಿತು. ಅದೇ ಊರಿನ ನಮ್ಮ ಹದಿನೈದು ವರ್ಷದ ಬರಹ ನಮಗೇ ಓದಲಾಗುತ್ತಿಲ್ಲ.

ಈ ಎಲ್ಲದರ ಹಿಂದೆ ನಮ್ಮ ಭಾಗದ ವಿಶೇಷ ಸ್ಥಿತಿಯೊಂದಿದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಓದಿದ ನಮ್ಮ ಅಜ್ಜಂದಿರು ದೀನಿನ ಪುಸ್ತಕಗಳನ್ನು ಉರ್ದುವಿನಲ್ಲಿ ಓದಿದರು. 1956ರ ನಂತರ ಕನ್ನಡ ಶಾಲೆಯಲ್ಲಿ ಕಲಿತ ಪೀಳಿಗೆಗಳಲ್ಲಿ ಅನೇಕರು ಮನೆಯಲ್ಲಿ ದಖನಿ ಮಾತನಾಡಿದರೂ ಉರ್ದು ಲಿಪಿಯನ್ನು ಓದಲಾರರು. ಅಂಥ ತಾಯಂದಿರಿಗೆ, ಮಕ್ಕಳಿಗೆ ಕನ್ನಡದ ಪುಟವೇ ಮೊದಲ ಕಿತಾಬು. ಅಲ್ಲಿ ತಪ್ಪಿದ್ದರೆ ಹೋಲಿಸಿ ನೋಡಲು ಕಪಾಟಿನಲ್ಲಿ ಅವರಿಗೆ ಬೇರೊಂದಿಲ್ಲ.

ಕೆಲಸ ಆರಂಭವಾಗಿದೆ. ಸಿಂಧನೂರಿನ ಇಬ್ಬರು, ಮಸ್ಕಿಯ ಒಬ್ಬರು ಇಶಾ ನಮಾಝ್‌ನ ನಂತರ ಕುಳಿತು ಬರೆಯುತ್ತಿದ್ದಾರೆ. ಒಂದು ವಿಷಯದಲ್ಲಿ ಮಾತ್ರ ಒಮ್ಮತ ಮೂಡಿಲ್ಲ. ತನ್‌ಝೀಲ್‌ನ ಪಠ್ಯ ಮದೀನಾ ಮುದ್ರಣದ ಬರಹಕ್ರಮದಲ್ಲಿದೆ. ನಮ್ಮ ಮನೆಗಳಲ್ಲಿ, ಮದ್ರಸಾಗಳಲ್ಲಿ ಮಕ್ಕಳು ಕಲಿಯುವುದು ಭಾರತ ಉಪಖಂಡದ ಮುದ್ರಣಗಳ ಬರಹಕ್ರಮ. ಕೆಲವು ಚಿಹ್ನೆಗಳ ರೂಪ ಅಲ್ಲಿ ಬೇರೆ. ಪಾರಾಯಣ ಒಂದೇ, ಕಣ್ಣಿಗೆ ರೂಢಿಯಾದುದು ಬೇರೆ. ಅಜ್ಜಿಯರು ಮೊಬೈಲನ್ನು ಹತ್ತಿರ ಹಿಡಿದು, ಇದು ನಮ್ಮ ಕುರ್‌ಆನ್‌ನಂತೆ ಕಾಣುವುದಿಲ್ಲವಲ್ಲ ಎನ್ನುತ್ತಾರೆ. ಎರಡನ್ನೂ ಇಟ್ಟು ಓದುಗರೇ ಆರಿಸಿಕೊಳ್ಳುವಂತೆ ಮಾಡಬೇಕೆಂದು ಹುಡುಗರು ಹೇಳುತ್ತಿದ್ದಾರೆ. ಮುಂದಿನ ಜುಮಾದ ನಂತರ ಆಲಿಮರೊಡನೆ ಕುಳಿತು ಮಾತನಾಡಲಿದ್ದೇವೆ. ಮನೆಯ ಹಿರಿಯರ ಅಭಿಪ್ರಾಯವನ್ನು ಅದಕ್ಕೆ ಮುನ್ನ ನಮಗೆ ತಿಳಿಸಿರಿ.