ಹೆಬ್ಬಾತಿನ ಮೇವು ಯಾರ ಲೆಕ್ಕಕ್ಕೆ?

ಹಕ್ಕಿ ತಿಂದ ಪೈರಿನ ಬೆಲೆಯನ್ನು ಯಾರು ತೆರಬೇಕು? ನಾರ್ವೆ ದೇಶದ ರೈತರಿಗೆ ದೊರೆತ ಉತ್ತರವನ್ನು ನಾವೂ ತಿಳಿಯುವುದು ಒಳ್ಳೆಯದು.

ಗುಲಾಬಿ ಕಾಲಿನ ಕಾಡು ಹೆಬ್ಬಾತುಗಳು ಡೆನ್ಮಾರ್ಕ್, ಹಾಲೆಂಡ್, ಬೆಲ್ಜಿಯಂಗಳಲ್ಲಿ ಚಳಿಗಾಲ ಕಳೆದು, ಮರಿಮಾಡಲು ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳಿಗೆ ಹೋಗುತ್ತವೆ. ಅವು ಮುಟ್ಟುವ ಹೊತ್ತಿಗೆ ಅಲ್ಲಿನ್ನೂ ಹಿಮ, ಮೇವು ಅಪರೂಪ. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಡುದಾರಿಯ ನಾರ್ವೆಯ ಹೊಲಗಳಿಗಿಳಿದು ಎಳೆಹುಲ್ಲು, ಉದುರಿದ ಕಾಳು, ಬಿತ್ತಿದ ಬಾರ್ಲಿ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತವೆ. ಮೊಟ್ಟೆಯಿಡುವುದಕ್ಕೂ ಕಾವು ಕೂರುವುದಕ್ಕೂ ಆ ಕೊಬ್ಬೇ ಬಂಡವಾಳ.

1990ರ ದಶಕದಲ್ಲಿ ವೆಸ್ಟೆರೋಲೆನ್ ಭಾಗದ ರೈತರು ಅವನ್ನು ಬೆದರಿಸಿ ಓಡಿಸತೊಡಗಿದರು. ಓಡಿಸಿಕೊಂಡ ಹಕ್ಕಿಗಳು ಸರಿಯಾಗಿ ಕೊಬ್ಬಲಿಲ್ಲ; ಅವುಗಳ ಮರಿಗಳೂ ಕಡಿಮೆಯಾದವು. ರೈತರನ್ನು ದೂರುವಂತಿಲ್ಲ, ಅದು ಅವರ ಕುರಿ, ದನಗಳ ಹುಲ್ಲು. 2006ರಿಂದ ಅಲ್ಲಿನ ಸರಕಾರವು ಹಕ್ಕಿಗಳನ್ನು ಮೇಯಗೊಟ್ಟ ರೈತರಿಗೆ ಹಣ ಕೊಡಲಾರಂಭಿಸಿತು.

ನಮ್ಮ ನಾಡಿಗೂ ಇದು ಹೊರತಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು, ಸುತ್ತಲಿನ ಹೊಲಗಳಲ್ಲಿ ಮೇದು, ಮಾರ್ಚ್ ಸುಮಾರಿಗೆ ಮರಳುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆಗೆ ಕೀರ್ತಿ ಬಂದುದು ಸಂತೋಷ. ಹೊಲದವನ ನಷ್ಟವೂ ಲೆಕ್ಕಕ್ಕೆ ಬರಬೇಡವೇ?

ಗಡಿಯ ಈಚೆ ನಮ್ಮ ಕೆರೆಗಳಿಗೆ ಅವು ಇಳಿದರೂ ನ್ಯಾಯ ಒಂದೇ. ನಾಡೆಲ್ಲ ಮೆಚ್ಚುವ ಹಕ್ಕಿಯ ಖರ್ಚನ್ನು ಒಬ್ಬ ಒಕ್ಕಲಿಗನ ತಲೆಗೆ ಕಟ್ಟಬಾರದು. ಕವಣೆ ಎತ್ತುವ ಬದಲು ಹಾನಿಯನ್ನು ಅರ್ಜಿಯಲ್ಲಿ ಬರೆದು, ಊರವರೆಲ್ಲ ಕೂಡಿ ಪರಿಹಾರ ಕೇಳೋಣ.