ಇಪ್ಪತ್ತೊಂದನೆಯ ಖಾನೆ

2024ರ ಜುಲೈ 19ರ ಬೆಳಿಗ್ಗೆ, ನಮ್ಮಲ್ಲಿ ಕಚೇರಿಗಳು ಬಾಗಿಲು ತೆರೆಯುವ ಹೊತ್ತಿಗೆ, ಜಗತ್ತಿನಾದ್ಯಂತ ಕಂಪ್ಯೂಟರ್ ಪರದೆಗಳು ನೀಲಿಗಟ್ಟಿದವು. ಮೈಕ್ರೋಸಾಫ್ಟ್ ಅಂದಾಜಿನಂತೆ ಕೆಟ್ಟು ಕೂತ ವಿಂಡೋಸ್ ಯಂತ್ರಗಳು 85 ಲಕ್ಷ. ವಿಮಾನಗಳು ರದ್ದಾದವು, ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಪೆನ್ನು ಹಿಡಿದು ಬರೆದುಕೊಟ್ಟರು. ಇದು ಯಾರ ದಾಳಿಯೂ ಅಲ್ಲ. ದಾಳಿ ತಡೆಯಲೆಂದೇ ಹಾಕಿಸಿಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಕಂಪನಿಯ ‘ಫಾಲ್ಕನ್’ ತಂತ್ರಾಂಶಕ್ಕೆ ಬಂದ ಪುಟ್ಟ ಅಪ್‌ಡೇಟಿನ ಫಲ.

ತಪ್ಪು ಲೆಕ್ಕದ್ದು. ಒಂದು ಬಗೆಯ ತಪಾಸಣೆಗೆ 21 ಮಾಹಿತಿ ಬೇಕೆಂದು ನಮೂನೆಯಲ್ಲಿತ್ತು. ಒದಗಿಸುವ ಕೋಡ್ ಕೊಡುತ್ತಿದ್ದದ್ದು 20. ಫೆಬ್ರವರಿಯಿಂದಲೂ ಈ ವ್ಯತ್ಯಾಸ ಒಳಗೇ ಇತ್ತು. ಆದರೆ 21ನೆಯ ಖಾನೆಯಲ್ಲಿ ‘ಏನಿದ್ದರೂ ಸರಿ’ ಎಂಬ ಗುರುತಿದ್ದುದರಿಂದ ಅದನ್ನು ಓದುವ ಪ್ರಮೇಯವೇ ಬಂದಿರಲಿಲ್ಲ. ಜುಲೈ 19ರ ಅಪ್‌ಡೇಟಿನ ಕಡತ ಅದನ್ನು ಓದಿಸಿತು. ಇಲ್ಲದ ಖಾನೆಗೆ ಕೈಹಾಕಿದ ತಂತ್ರಾಂಶ ಮೆಮೊರಿಯ ಹದ್ದು ದಾಟಿತು.

ಇದೇ ತಪ್ಪನ್ನು ಬ್ರೌಸರ್ ಮಾಡಿದ್ದರೆ ಬ್ರೌಸರ್ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಫಾಲ್ಕನ್ ಕೂತಿದ್ದದ್ದು ಕರ್ನಲ್‌ನಲ್ಲಿ, ಅಂದರೆ ಯಂತ್ರದ ಸಮಸ್ತವೂ ಕೈಗೆಟಕುವ ಜಾಗದಲ್ಲಿ. ಅಲ್ಲಿ ಇಂಥ ಎಡವಟ್ಟಾದರೆ, ಹಾನಿ ಬೆಳೆಯುವ ಮುನ್ನ ಇಡೀ ಯಂತ್ರವನ್ನೇ ನಿಲ್ಲಿಸುವುದು ವಿಂಡೋಸ್ ಪಾಲಿಸುವ ಕ್ರಮ.

ಓದಿದ್ದಷ್ಟೇ ತಾನೆ, ಏನನ್ನೂ ತಿದ್ದಲಿಲ್ಲವಲ್ಲ ಎನ್ನುವಂತಿಲ್ಲ. ಹದ್ದು ಮೀರಿದ ಓದು ಯಂತ್ರವನ್ನು ಕೆಡವದಿದ್ದರೆ ಇನ್ನೂ ಅಪಾಯ. 2014ರಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ಕರ್ನಲ್‌ನ ದೋಷವಲ್ಲ, ಅಂತರ್ಜಾಲದ ಸಂವಹನವನ್ನು ಗುಟ್ಟಾಗಿಡುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನದು. ಆದರೆ ಜಾತಿ ಇದೇ. ಒಮ್ಮೆ ಕೇಳಿದರೆ 64 ಕಿಲೋಬೈಟ್‌ವರೆಗೆ ಸರ್ವರ್‌ನ ಗುಟ್ಟು ಸೋರಬಹುದಾಗಿದ್ದ ಆ ಬಿರುಕು ಎರಡು ವರ್ಷ ಪತ್ತೆಯಾಗದೆ ಇತ್ತು.

ಬೇಲಿಯೇ ಹೊಲ ಮೇಯಿತೆಂದು ಬೈದು ಮುಗಿಸುವುದು ಸುಲಭ. ಇಲ್ಲಿ ಬೇಲಿಗೆ ದುರಾಸೆಯಿರಲಿಲ್ಲ. ಕಡತವನ್ನು ಪರೀಕ್ಷಿಸಬೇಕಿದ್ದ ತಂತ್ರಾಂಶವೂ 21 ಇವೆಯೆಂದೇ ನಂಬಿ ಅದನ್ನು ಪಾಸು ಮಾಡಿತ್ತು. ಮೊದಲು ಕೆಲವರಿಗೆ ಕೊಟ್ಟು ನೋಡುವ ಬದಲು ಎಲ್ಲರಿಗೂ ಒಟ್ಟಿಗೇ ಕಳುಹಿಸಲಾಗಿತ್ತು. 78 ನಿಮಿಷಗಳಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡರೂ, ಬಿದ್ದ ಯಂತ್ರಗಳಲ್ಲಿ ಬಹುಪಾಲಿನ ಮುಂದೆ ಒಬ್ಬೊಬ್ಬರು ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಕಡತವನ್ನು ಅಳಿಸಬೇಕಾಯಿತು.

ಕರ್ನಲ್‌ನೊಳಗೆ ಬಿಟ್ಟುಕೊಳ್ಳುವ ತಂತ್ರಾಂಶಕ್ಕೆ, ಅದು ಕಾವಲಿನದೇ ಆಗಿದ್ದರೂ, ನಂಬಿಕೆಗಿಂತ ತಪಾಸಣೆ ಹೆಚ್ಚು ಸಲ್ಲಬೇಕು. ನಮ್ಮ ಬ್ಯಾಂಕುಗಳು, ಆಸ್ಪತ್ರೆಗಳು, ಸರ್ಕಾರಿ ಇಲಾಖೆಗಳು ಇಂಥದ್ದನ್ನು ಕೊಳ್ಳುವಾಗ ದರದ ಜೊತೆಗೆ ಇದನ್ನೂ ಕೇಳಲಿ: ಅಪ್‌ಡೇಟ್ ಹಂತಹಂತವಾಗಿ ಬರುತ್ತದೆಯೇ, ಬೇಡವೆನಿಸಿದರೆ ತಡೆಹಿಡಿಯುವ ಅಧಿಕಾರ ನಮಗಿದೆಯೇ?